ಪಿಟ್ರೇಸ್: ಅಟ್ಯಾಚ್ ಆದರೂ ‘ಅಂಥ ಪ್ರಾಸೆಸ್ ಇಲ್ಲ’ ಎರರ್, ಡಿಟ್ಯಾಚ್ ನಂತರ ಪ್ರಾಸೆಸ್ ನಿಂತೇ ಇದೆ

ಸಿ_ಹಾದಿ:
ಲಿನಕ್ಸ್, ಎಕ್ಸ್86-64, ಸಿ ಭಾಷೆ. ಒಂದು ಪ್ರಾಸೆಸ್ ಇನ್ನೊಂದನ್ನು ಹಿಡಿದು ಪರಿಶೀಲಿಸಲು ಇರುವ ಪಿಟ್ರೇಸ್ ಸಿಸ್ಟಂ ಕರೆ ಬಳಸಿ ಡೀಬಗರ್ ಬರೆಯುತ್ತಿದ್ದೇನೆ. ಓಡುತ್ತಿರುವ ಸರ್ವರ್‌ಗೆ ಪಿಟ್ರೇಸ್_ಅಟ್ಯಾಚ್ ಮಾಡಿದರೆ 0 ಬರುತ್ತದೆ. ತಕ್ಷಣ ಪಿಟ್ರೇಸ್_ಗೆಟ್‌ರೆಗ್ಸ್ (ರಿಜಿಸ್ಟರ್ ಓದುವ ಕರೆ) ಕೇಳಿದರೆ ಇಎಸ್‌ಆರ್‌ಸಿಎಚ್, ಅಂದರೆ ‘ಅಂಥ ಪ್ರಾಸೆಸ್ ಇಲ್ಲ’ ಎರರ್. ಪಿಎಸ್ ನೋಡಿದರೆ ಪ್ರಾಸೆಸ್ ಇದೆ. ಜೊತೆಗೆ, ಕೆಲವು ಸಲ ಡಿಟ್ಯಾಚ್ ಆದ ಮೇಲೆ ಸರ್ವರ್ ಸ್ತಬ್ಧವಾಗುತ್ತದೆ. ಸಿಗ್‌ಕಾಂಟ್ (‘ಮುಂದುವರಿ’ ಎಂಬ ಸಿಗ್ನಲ್) ಕಳಿಸಿದರೆ ಏಳುತ್ತದೆ.

ಕರ್ನಲ್_ಪಡಸಾಲೆ:
ಆ ಎರರ್‌ಗೆ ಮೂರು ಅರ್ಥ ಇವೆ ಸರ್: ಪ್ರಾಸೆಸ್ ಇಲ್ಲ, ಅದು ನಿಮ್ಮ ಟ್ರೇಸ್‌ನಲ್ಲಿಲ್ಲ, ಅಥವಾ ಇನ್ನೂ ನಿಂತಿಲ್ಲ. ನಿಮ್ಮದು ಮೂರನೆಯದು. ಅಟ್ಯಾಚ್ ಸಿಗ್‌ಸ್ಟಾಪ್ (‘ನಿಲ್ಲು’ ಎಂಬ ಸಿಗ್ನಲ್) ಕಳಿಸಿ ಹಿಂತಿರುಗುತ್ತದೆ ಅಷ್ಟೇ, ಎದುರಿನದು ನಿಲ್ಲುವವರೆಗೆ ಕಾಯುವುದಿಲ್ಲ. ವೇಟ್‌ಪಿಐಡಿ ಕರೆದು, ‘ನಿಂತಿದೆ’ ಎಂದು ಕರ್ನಲ್ ಹೇಳಿದ ಮೇಲೆಯೇ ರಿಜಿಸ್ಟರ್ ಮುಟ್ಟಿ. ನಡುವೆ ಸ್ಲೀಪ್ ಹಾಕಿದರೆ ಸರಿಹೋದಂತೆ ಕಾಣುತ್ತದೆ, ಲೋಡ್ ಹೆಚ್ಚಾದ ದಿನ ಕೈಕೊಡುತ್ತದೆ. ದಯವಿಟ್ಟು ಆ ದಾರಿ ಬೇಡ.

ಪ್ರಾಕ್ ಡೈರೆಕ್ಟರಿಯ ಕೆಳಗೆ ಸರ್ವರ್‌ನ ಸ್ಟೇಟಸ್ ಫೈಲ್ ತೆರೆದು ನೋಡಿ. ಸ್ಟೇಟ್ ಸಾಲಿನಲ್ಲಿ ಸಣ್ಣಕ್ಷರದ ಟಿ ಇದ್ದರೆ ಟ್ರೇಸರ್ ಹಿಡಿದಿದೆ, ದೊಡ್ಡಕ್ಷರದ ಟಿ ಇದ್ದರೆ ಸಿಗ್ನಲ್‌ನಿಂದ ನಿಂತದ್ದು. ಟ್ರೇಸರ್‌ಪಿಐಡಿ ಸಾಲು ಯಾರು ಹಿಡಿದಿದ್ದಾರೆ ಎಂದು ಹೇಳುತ್ತದೆ. ಏಕಕಾಲಕ್ಕೆ ಒಬ್ಬರೇ ಟ್ರೇಸರ್. ಎಸ್‌ಟ್ರೇಸ್‌ನಂಥ ಬೇರೆ ಟ್ರೇಸ್ ಸಾಧನ ಮೊದಲೇ ಕೂತಿದ್ದರೆ ನಿಮಗೆ ಇಪರ್ಮ್ (‘ಅನುಮತಿ ಇಲ್ಲ’ ಎರರ್) ಬರುತ್ತದೆ.

ಸಿ_ಹಾದಿ:
ವೇಟ್‌ಪಿಐಡಿ ಸೇರಿಸಿದೆ, ಗೆಟ್‌ರೆಗ್ಸ್ ಬಂತು. ಆದರೆ ಮೆಮೊರಿ ಓದುವ ಕೆಲಸ ಡೀಬಗರ್‌ನ ಇನ್ನೊಂದು ಥ್ರೆಡ್‌ನಲ್ಲಿದೆ. ಅಲ್ಲಿ ಪೀಕ್‌ಡೇಟಾಗೆ (ಮೆಮೊರಿ ಓದುವ ಕರೆ) ಮತ್ತೆ ಅದೇ ಎರರ್.

ನಿಲುಗಡೆ64:
ಅದು ಎರಡನೆಯ ಅರ್ಥ. ಕರ್ನಲ್ ಪಾಲಿಗೆ ಟ್ರೇಸರ್ ಎಂದರೆ ಅಟ್ಯಾಚ್ ಕರೆದ ಆ ಒಂದು ಥ್ರೆಡ್, ಇಡೀ ಡೀಬಗರ್ ಪ್ರಾಸೆಸ್ ಅಲ್ಲ. ಪಿಟ್ರೇಸ್ ಕರೆಗಳನ್ನೆಲ್ಲ ಒಂದೇ ಥ್ರೆಡ್‌ಗೆ ಒಪ್ಪಿಸಿ. ಉಳಿದ ಥ್ರೆಡ್‌ಗಳು ಕ್ಯೂ ಮೂಲಕ ಅದಕ್ಕೆ ಕೆಲಸ ಕೊಡಲಿ. ಪೀಕ್‌ಡೇಟಾಗೆ ಮುಂಚೆ ಎರ್ರ್‌ನೋ (ಎರರ್ ಸಂಖ್ಯೆ ಇರುವ ವೇರಿಯಬಲ್) 0 ಮಾಡಿ, ಏಕೆಂದರೆ ವಿಫಲವಾದರೂ -1 ಬರುತ್ತದೆ, ಮೆಮೊರಿಯಲ್ಲಿ ನಿಜವಾಗಿಯೂ -1 ಇರಬಹುದು.

ಸರ್ವರ್ ಕಡೆಯೂ ಇದೇ ಲೆಕ್ಕ: ಅದರ ಪ್ರತಿಯೊಂದು ಥ್ರೆಡ್‌ಗೂ ಬೇರೆಬೇರೆಯಾಗಿ ಅಟ್ಯಾಚ್ ಆಗಬೇಕು. ಪ್ರಾಕ್ ಕೆಳಗೆ ಅದರ ಥ್ರೆಡ್‌ಗಳಿರುವ ಟಾಸ್ಕ್ ಡೈರೆಕ್ಟರಿಯ ಪಟ್ಟಿ ಓದಿ, ಎಲ್ಲಕ್ಕೂ ಅಟ್ಯಾಚ್ ಆಗಿ, ಮತ್ತೆ ಓದಿ. ಹೊಸ ಥ್ರೆಡ್ ಸಿಗದವರೆಗೂ ಇದು ನಡೆಯಲಿ. 4.7ಕ್ಕಿಂತ ಹಳೆಯ ಕರ್ನಲ್ ಆದರೆ ವೇಟ್‌ಪಿಐಡಿಗೆ __ವಾಲ್ ಫ್ಲ್ಯಾಗ್ (ಎಲ್ಲ ಬಗೆಯ ಥ್ರೆಡ್‌ಗೂ ಕಾಯಲು) ಕೊಡಲೇಬೇಕು.

ಕರ್ನಲ್_ಪಡಸಾಲೆ:
ಇನ್ನು ಡಿಟ್ಯಾಚ್ ಸಮಸ್ಯೆ. ಅಟ್ಯಾಚ್ ನಂತರದ ಮೊದಲ ನಿಲುಗಡೆ ಸಿಗ್‌ಸ್ಟಾಪ್‌ನದ್ದೇ ಆಗಿರಬೇಕೆಂದಿಲ್ಲ. ಅದೇ ಹೊತ್ತಿಗೆ ಸಿಗ್‌ಅಲಾರ್ಮ್ ಬಂದಿದ್ದರೆ ಅದೇ ಮೊದಲು ವರದಿಯಾಗಬಹುದು. ನೀವು ಅಲ್ಲೇ ಡಿಟ್ಯಾಚ್ ಮಾಡಿದರೆ ಸಿಗ್‌ಸ್ಟಾಪ್ ಇನ್ನೂ ಬಾಕಿ; ನೀವು ಬಿಟ್ಟ ಕೂಡಲೇ ಅದು ಸರ್ವರ್ ಅನ್ನು ನಿಲ್ಲಿಸುತ್ತದೆ. ಯಾವ ಸಿಗ್ನಲ್‌ನಿಂದ ನಿಂತಿತೆಂದು ಹೇಳುವ ಡಬ್ಲ್ಯೂಸ್ಟಾಪ್‌ಸಿಗ್ ನೋಡಿ, ಬೇರೆ ಸಿಗ್ನಲ್ ಇದ್ದರೆ ಅದನ್ನೇ ಪಿಟ್ರೇಸ್_ಕಾಂಟ್‌ನ ಕೊನೆಯ ಆರ್ಗ್ಯುಮೆಂಟ್‌ಗೆ ಕೊಟ್ಟು ಮುಂದುವರಿಸಿ, ಸಿಗ್‌ಸ್ಟಾಪ್ ಬರುವವರೆಗೆ ಕಾಯಿರಿ. ಅದು ಬಂದಾಗ ಮಾತ್ರ 0 ಕೊಟ್ಟು ನುಂಗಿ. ಎಲ್ಲದಕ್ಕೂ 0 ಕೊಟ್ಟರೆ ಸರ್ವರ್‌ಗೆ ಸೇರಬೇಕಾದ ಸಿಗ್ನಲ್‌ಗಳು ಕಳೆದುಹೋಗುತ್ತವೆ.

ಹೊಸ ಕೋಡ್ ಆದರೆ ನನ್ನ ಮತ ಪಿಟ್ರೇಸ್_ಸೀಜ್ ಕಡೆಗೆ. ಲಿನಕ್ಸ್ 3.4ರಿಂದ ಇದೆ. ಅದು ಸಿಗ್‌ಸ್ಟಾಪ್ ಕಳಿಸುವುದೇ ಇಲ್ಲ; ನಿಲ್ಲಿಸಬೇಕಾದಾಗ ಪಿಟ್ರೇಸ್_ಇಂಟರಪ್ಟ್. ಅಟ್ಯಾಚ್ ಆದದ್ದಕ್ಕೆ ಇಂಟರಪ್ಟ್ ನಡೆಯುವುದಿಲ್ಲ, ಎರಡನ್ನೂ ಬೆರೆಸಬೇಡಿ.

ಸಿ_ಹಾದಿ:
ಸೀಜ್‌ಗೆ ಬದಲಾಯಿಸಿದೆ, ಈಗ ನಿಂತುಹೋಗುತ್ತಿಲ್ಲ. ಬ್ರೇಕ್‌ಪಾಯಿಂಟ್ ಹಾಕಿದರೆ ಒಮ್ಮೆ ನಿಲ್ಲುತ್ತದೆ, ಮುಂದುವರಿಸಿದರೆ ಸಿಗ್‌ಸೆಗ್ವಿ ಅಥವಾ ಸಿಗ್‌ಇಲ್.

ನಿಲುಗಡೆ64:
ಬ್ರೇಕ್‌ಪಾಯಿಂಟ್‌ಗೆಂದು ಮೂಲ ಕೋಡ್ ಮೇಲೆ ಬರೆಯುವ ಇಂಟ್3 ಇನ್‌ಸ್ಟ್ರಕ್ಷನ್ ಒಂದು ಬೈಟ್. ಟ್ರ್ಯಾಪ್ ಆದಾಗ ಆರ್‌ಐಪಿ (ಮುಂದೆ ಓಡಬೇಕಾದ ಇನ್‌ಸ್ಟ್ರಕ್ಷನ್‌ನ ವಿಳಾಸ ಇರುವ ರಿಜಿಸ್ಟರ್) ಅದನ್ನು ದಾಟಿ ಮುಂದಿನ ಬೈಟ್‌ನಲ್ಲಿರುತ್ತದೆ, ಅಂದರೆ ಮೂಲ ಇನ್‌ಸ್ಟ್ರಕ್ಷನ್‌ನ ಹೊಟ್ಟೆಯೊಳಗೆ. ಅಲ್ಲಿಂದ ಓಡಿಸಿದರೆ ಸಿಪಿಯು ಅರ್ಧ ಇನ್‌ಸ್ಟ್ರಕ್ಷನ್ ಓದುತ್ತದೆ. ಕ್ರಮ ಹೀಗೆ: ಮೂಲ ಬೈಟ್ ಹಿಂದಿರುಗಿಸಿ, ಆರ್‌ಐಪಿಯಿಂದ 1 ಕಳೆದು ಸೆಟ್‌ರೆಗ್ಸ್, ಸಿಂಗಲ್‌ಸ್ಟೆಪ್, ವೇಟ್‌ಪಿಐಡಿ, ಮತ್ತೆ ಇಂಟ್3 ಬರೆದು ಕಾಂಟ್. ಸಿಂಗಲ್‌ಸ್ಟೆಪ್ ಹೊತ್ತಿಗೆ ಬ್ರೇಕ್‌ಪಾಯಿಂಟ್ ಅಲ್ಲಿರುವುದಿಲ್ಲ. ಆಗ ಬೇರೆ ಥ್ರೆಡ್ ಓಡುತ್ತಿದ್ದರೆ ಗಮನಕ್ಕೇ ಬಾರದೆ ದಾಟಿಬಿಡುತ್ತದೆ. ಆದ್ದರಿಂದ ಆ ಒಂದು ಹೆಜ್ಜೆ ಮುಗಿಯುವವರೆಗೆ ಉಳಿದ ಥ್ರೆಡ್‌ಗಳನ್ನೆಲ್ಲ ನಿಲ್ಲಿಸಿಡಿ. ಈ ಟ್ರ್ಯಾಪ್‌ಗೆ ಬಂದ ಸಿಗ್‌ಟ್ರ್ಯಾಪ್ ಅನ್ನು ಕಾಂಟ್‌ಗೆ ದಾಟಿಸಬೇಡಿ, ಹ್ಯಾಂಡ್ಲರ್ ಇಲ್ಲದ ಪ್ರಾಸೆಸ್ ಸಾಯುತ್ತದೆ. ಡಿಟ್ಯಾಚ್‌ಗೆ ಮುಂಚೆ ಎಲ್ಲ ಇಂಟ್3 ತೆಗೆಯಿರಿ, ಇಲ್ಲದಿದ್ದರೆ ಬಿಟ್ಟುಬಂದ ಸರ್ವರ್ ಅಲ್ಲಿಗೆ ತಲುಪಿದಾಗ ಅದೇ ಗತಿ.