ಅಪ್‌ಡೇಟ್: ಅಕ್ಕ ‘ಒಲೆಯೊಳಗಿಕ್ಕು’ ಅಂದದ್ದು ಯಾರಿಗೆ?

ಮೊದಲು ಕೇಳಿದ್ದು ಇಷ್ಟು: ‘ಸಾವಿಲ್ಲದ ಕೇಡಿಲ್ಲದ ರೂಹಿಲ್ಲದ ಚೆಲುವಂಗೆ’ ಒಲಿದೆನೆನ್ನುವ, ‘ಈ ಸಾವ ಕೆಡುವ ಗಂಡರನೊಯ್ದು ಒಲೆಯೊಳಗಿಕ್ಕು ತಾಯೆ’ ಎಂದು ಮುಗಿಯುವ ಅಕ್ಕಮಹಾದೇವಿಯ ವಚನದಲ್ಲಿ ಮಾತು ಯಾರೊಂದಿಗೆ?

ಉತ್ತರ ಸಂಬೋಧನೆಯಲ್ಲೇ ಇತ್ತು. ‘ಅವ್ವಾ’, ‘ತಾಯೆ’ಗಳನ್ನು ಬರೀ ಉದ್ಗಾರವೆಂದು ದಾಟಿದ್ದೇ ತಪ್ಪು. ಕೇಳುವವಳು ಒಬ್ಬ ಹೆಂಗಸು. ಚೆನ್ನಮಲ್ಲಿಕಾರ್ಜುನ ಇಲ್ಲಿ ‘ಅವನು’, ‘ನೀನು’ ಅಲ್ಲ. ಹಾಗಾಗಿ ಇದು ನಲ್ಲನೆದುರಿನ ನಿವೇದನೆಯಲ್ಲ, ತನ್ನ ಗಂಡ ಯಾರೆಂದು ತಾಯಿಯೆದುರು ಹೇಳಿಬಿಡುವ ಹೆಣ್ಣಿನ ದನಿ.

ರೂಪಕಕ್ಕೆ ‘ಇಲ್ಲದ’ಗಳ ಕೆಳಗೆ ಗೆರೆ ಎಳೆದು ನೋಡಿ. ಸಾವು, ಕೇಡು, ರೂಪು ಕಳೆದ ಮೇಲೂ ‘ಚೆಲುವ’ ಉಳಿಯುತ್ತಾನೆ (ಎಂಥ ಧೈರ್ಯದ ಪದ!). ಕೊನೆಯ ‘ಸಾವ ಕೆಡುವ ಗಂಡರು’ ಅವೇ ಎರಡು ಪದಗಳ ಮಗುಚು. ಒಲೆಗೆ ಹೋಗುವುದು ಯಾವನೋ ಒಬ್ಬನಲ್ಲ, ಅಳಿಯುವ ಸಂಬಂಧವೇ. ಆದರೂ ಒಲೆಯನ್ನು ಪೂರ್ತಿ ತತ್ವವಾಗಿಸಿದರೆ ಅಡುಗೆಮನೆಯ ಆ ಸಿಟ್ಟು ಆರಿಹೋಗುತ್ತದೆ.