ಸ್ಮಿತ್ ಸ್ಕ್ವೇರ್ ಸಂಗೀತ ಕಛೇರಿಗೆ ಬದಿಯ ಸೀಟು ತಗೊಳ್ಳಬಹುದಾ?

ಪ್ರಶ್ನೆ: ಮುಂದಿನ ತಿಂಗಳು ಲಂಡನ್ನಿನಲ್ಲಿರುತ್ತೇನೆ. ಸೇಂಟ್ ಜಾನ್ಸ್ ಸ್ಮಿತ್ ಸ್ಕ್ವೇರ್‌ನಲ್ಲಿ ಒಂದು ಸಂಜೆ ಸಂಗೀತ ಕೇಳುವ ಆಸೆ. ಅದು ಚರ್ಚಾ, ಸಭಾಂಗಣವಾ? ಬದಿಯ ಸೀಟು ಅಗ್ಗ, ತಗೊಳ್ಳಲಾ?

ಉತ್ತರ 1: ಮೊದಲು ಚರ್ಚು, ಈಗ ಸಂಗೀತದ ಹಾಲ್. ವಾಸ್ತುಶಿಲ್ಪಿ ಥಾಮಸ್ ಆರ್ಚರ್ ಬರೋಕ್ ಅನ್ನುವ ಅದ್ದೂರಿ ಶೈಲಿಯಲ್ಲಿ ವಿನ್ಯಾಸ ಮಾಡಿದ್ದು, ಮುಗಿದಿದ್ದು 1728ರಲ್ಲಿ. 1941ರ ಮೇ ತಿಂಗಳಲ್ಲಿ ಬಾಂಬ್ ಬಿದ್ದು ಒಳಗೆಲ್ಲ ಸುಟ್ಟುಹೋಯಿತು. ಎಷ್ಟೋ ವರ್ಷ ಚಾವಣಿಯೇ ಇಲ್ಲದೆ ನಿಂತಿತ್ತು. 1969ರಲ್ಲಿ ಕಛೇರಿಗಳಿಗೆಂದೇ ಮತ್ತೆ ತೆರೆದರು.

ಇನ್ನು ಸೀಟು. ನಾನೂ ನಿಮ್ಮ ಹಾಗೆ ಜಿಪುಣತನ ಮಾಡಿ ಬದಿಯಲ್ಲಿ ಕೂತಿದ್ದೆ. ಎದುರಿಗೆ ಒಂದು ದಪ್ಪ ಬಿಳಿ ಕಂಬ! ಪಿಟೀಲು ನುಡಿಸುವವರ ಮುಖ ಕಾಣಲೇ ಇಲ್ಲ, ಕಮಾನಿನ ತುದಿ ಮಾತ್ರ ಕಂಬದ ಅಂಚಿನಿಂದ ಹೊರಬಂದು ಒಳಗೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅದನ್ನೇ ನೋಡುವುದು ಅಭ್ಯಾಸವಾಯ್ತು. ಆದರೆ ನಾದ ಮಾತ್ರ ತುಂಬಿ ಬಂತು. ಕಣ್ಣು ಮುಚ್ಚಿ ಕೇಳುವವರಾದರೆ ತಗೊಳ್ಳಿ. ನೋಡಲೇಬೇಕು ಅಂದ್ರೆ ಜಾಸ್ತಿ ಕೊಟ್ಟು ಮಧ್ಯದಲ್ಲೇ ಕೂರಿ.

ಉತ್ತರ 2: ಅರ್ಧ ಗಂಟೆ ಮೊದಲೇ ಹೋಗಿ ಹೊರಗೆ ಒಂದು ಸುತ್ತು ಹಾಕಿ. ನಾಲ್ಕು ಮೂಲೆಗೂ ಗೋಪುರ. ಬ್ರಿಟನ್ನಿನ ಆನ್ ರಾಣಿ ತನ್ನ ಕಾಲುಮಣೆಯನ್ನು ಒದ್ದು ತಲೆಕೆಳಗಾಗಿಸಿ, 'ಹೀಗೆ ಕಟ್ಟಿ' ಅಂದಳಂತೆ! ಸುಮ್ನೆ ಕಟ್ಟುಕಥೆ ಇರಬೇಕು. ಆದರೂ ನೋಡಿದರೆ ನಗು ಬರುತ್ತೆ, ಹಾಗೇ ಇದೆ ಅಲ್ವಾ!

ಪ್ರಶ್ನೆ ಕೇಳಿದವರು: ಮಧ್ಯದ ಸೀಟೇ ತಗೊಂಡೆ. ಕಂಬದ ಕಥೆಗೆ ಥ್ಯಾಂಕ್ಸ್.