ಸಿಲಿಕೋಸಿಸ್‌ಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಮಾಡಿಸಿದವರು ಯಾರಾದ್ರೂ ಇದ್ದೀರಾ?

ಪ್ರಶ್ನೆ: ಅಪ್ಪ ಇಳಕಲ್ ಕಡೆ ಗ್ರಾನೈಟ್ ಕ್ವಾರಿಯಲ್ಲಿ 22 ವರ್ಷ ದುಡಿದವರು. ಈಗ ಸಿಲಿಕೋಸಿಸ್, ಅಂದ್ರೆ ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಬರೋ ರೋಗ ಅಂದಿದ್ದಾರೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ಖಾಸಗಿ ಸೆಂಟರ್‌ನವರು ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ (ಬೇರೆ ಬಗೆಯ ಜೀವಕೋಶ ಆಗಬಲ್ಲ ಮೂಲ ಜೀವಕೋಶ) ತೆಗೆದು ಮೂರು ಸಲ ಹಾಕ್ತೇವೆ, 3 ಲಕ್ಷ ಆಗುತ್ತೆ ಅಂತಾರೆ. ಅಣ್ಣ ಒಂದು ಎಕರೆ ಮಾರೋಣ ಅಂತಿದ್ದಾನೆ. ಅನುಭವ ಇದ್ದವರು ಹೇಳಿ.

ಉತ್ತರ 1: ದಯವಿಟ್ಟು ಹೊಲ ಮಾರಬೇಡಿ. ನಮ್ಮ ಮನೆಯವರಿಗೆ ಮಾಡಿಸಿದ್ದೇವೆ, ಅದಕ್ಕೇ ಹೇಳ್ತಿದ್ದೇನೆ. ಅವರದು ಕಲ್ಲು ಪಾಲಿಶ್ ಕೆಲಸ. ಸೊಂಟದ ಮೂಳೆಗೆ ಸೂಜಿ ಚುಚ್ಚಿ ಮಜ್ಜೆ ತೆಗೆದರು, ಸಂಜೆ ಡ್ರಿಪ್‌ನಲ್ಲಿ ಹಾಕಿದರು. ಹದಿನೈದು ದಿನ ಉಸಿರು ಹಗುರ ಆಯ್ತು ಅಂದರು, ನಾವೂ ನಂಬಿದೆವು. ಆರು ತಿಂಗಳಾದ ಮೇಲೆ ಶ್ವಾಸಕೋಶದ ಶಕ್ತಿ ಅಳೆಯೋ ಊದುವ ಪರೀಕ್ಷೆ ಮಾಡಿಸಿದರೆ, ಹಳೇ ಚೀಟಿಯಲ್ಲಿ 58 ಇದ್ದದ್ದು 55ಕ್ಕೆ ಇಳಿದಿತ್ತು. ಬಿಲ್ ತೆಗೆದು ನೋಡಿದರೆ ಸ್ಟೆಮ್ ಸೆಲ್ ಅನ್ನೋ ಮಾತೇ ಇಲ್ಲ, ಬರೀ ‘ಪ್ರೊಸೀಜರ್’ ಅಂತ ಇದೆ.

ಆಮೇಲೆ ಸರ್ಕಾರಿ ಆಸ್ಪತ್ರೆಯ ಎದೆರೋಗದ ಡಾಕ್ಟರ್ ಕೂರಿಸಿಕೊಂಡು ವಿವರಿಸಿದರು. ಸ್ಟೆಮ್ ಸೆಲ್ ಹಾಕಿದ ಇಲಿಗಳಲ್ಲಿ ಶ್ವಾಸಕೋಶದ ಊತ ಕಡಿಮೆ ಆಗಿದ್ದು ನಿಜವಂತೆ. ಆದರೆ ಬ್ರೆಜಿಲ್‌ನಲ್ಲಿ ಸಿಲಿಕೋಸಿಸ್ ಇದ್ದವರ ಮೇಲೆ ಮಾಡಿ 2015ರಲ್ಲಿ ವರದಿ ಬಂದ ಪ್ರಯೋಗದಲ್ಲಿ ಇದ್ದದ್ದು ಮೂರೇ ಜನ, ಅದೂ ಅಪಾಯ ಇದೆಯಾ ಇಲ್ವಾ ಅಂತ ನೋಡೋದಕ್ಕೆ. ಒಳಗೆ ಕೂತ ಕಲ್ಲಿನ ಪುಡಿ ಸೆಲ್ ಹಾಕಿದ ಮಾತ್ರಕ್ಕೆ ಹೊರಗೆ ಬರಲ್ಲ, ಗಟ್ಟಿಯಾದ ಭಾಗ ಮತ್ತೆ ಮೆತ್ತಗಾಗಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಇಂಥ ರೋಗಕ್ಕೆ ಸ್ಟೆಮ್ ಸೆಲ್ ಕೊಡಬೇಕಾದರೆ ಟ್ರಯಲ್‌ನಲ್ಲಿ, ಅಂದ್ರೆ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಸೆಂಟರ್‌ನವರನ್ನು ಸಿಟಿಆರ್‌ಐ (ದೇಶದ ಟ್ರಯಲ್‌ಗಳನ್ನು ದಾಖಲಿಸೋ ಪಟ್ಟಿ) ನೋಂದಣಿ ನಂಬರ್ ಕೇಳಿ. ಟ್ರಯಲ್ ಅಂದಮೇಲೆ ರೋಗಿ ಹತ್ತಿರ ದುಡ್ಡು ಕೇಳೋ ಹಾಗಿಲ್ಲ, ಅಲ್ವಾ?

ನಮಗೆ ಸಹಾಯ ಆಗಿದ್ದು ಸಣ್ಣ ಸಣ್ಣ ವಿಷಯಗಳೇ. ದೂಳಿನ ಕೆಲಸ ಪೂರ್ತಿ ಬಿಡಿಸಿದೆವು, ಬೀಡಿನೂ. ಡಾಕ್ಟರ್ ಹೇಳಿದ ಮೇಲೆ ಆಕ್ಸಿಜನ್ ಮೆಷಿನ್ ಬಾಡಿಗೆಗೆ ತಂದೆವು. ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇಟ್ಟಿದ್ದೇನೆ, ಕೂತು ಸ್ನಾನ ಮಾಡಿದರೆ ಉಸಿರು ಅಷ್ಟು ಕಟ್ಟಲ್ಲ.

ಉತ್ತರ 2: ನಾನು ಟಿಬಿ ವಿಭಾಗದಲ್ಲಿ ಕೆಲಸ ಮಾಡ್ತೇನೆ. ಮೊದಲು ಅಪ್ಪನ ಕಫ ಪರೀಕ್ಷೆ ಮಾಡಿಸಿ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರೋದು ಜಾಸ್ತಿ, ಎಕ್ಸ್‌ರೇಯಲ್ಲಿ ಒಂದು ಇನ್ನೊಂದರ ಹಾಗೆ ಕಾಣುತ್ತೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ತೂಕ ಇಳೀತಿದ್ರೆ, ಸಂಜೆ ಹೊತ್ತು ಜ್ವರ ಬರ್ತಿದ್ರೆ ನಾಳೇನೇ ಹೋಗಿ.

ಪ್ರಶ್ನೆ ಕೇಳಿದವರು: ತೂಕ ಇಳಿದಿದೆ ಅಕ್ಕ. ಬೆಳಿಗ್ಗೆನೇ ಕರ್ಕೊಂಡು ಹೋಗ್ತೇನೆ.

ಉತ್ತರ 3: ಹೋದಾಗ ಇನ್ನೊಂದು ಕೆಲಸ ಮಾಡಿ. ಚೀಟಿಯಲ್ಲಿ ‘ಸಿಲಿಕೋಸಿಸ್’ ಅಂತಲೇ ಬರೆಸಿಕೊಳ್ಳಿ, ಸುಮ್ನೆ ದಮ್ಮು ಅಂತ ಬರೆದರೆ ಸಾಲದು. ಕಾರ್ಮಿಕರ ಪರಿಹಾರದ ಕಾನೂನಿನಲ್ಲಿ ಇದು ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿದೆ. ಹಳೇ ಸಂಬಳದ ಚೀಟಿ, ಪಿಎಫ್ ನಂಬರ್, ಜೊತೆ ದುಡಿದವರ ಹೇಳಿಕೆ, ಏನು ಸಿಗುತ್ತೋ ಎಲ್ಲ ಒಂದು ಫೈಲಿಗೆ ಹಾಕಿ ಕಾರ್ಮಿಕ ಇಲಾಖೆಗೆ ಹೋಗಿ. ತಡ ಮಾಡಬೇಡಿ.